ಗುಂಡಣ್ಣನ ಖಾತೆ

ನಮ್ಮ ಅಡುಗೆಮನೆಯ ಪೂರ್ವದ ಕಿಟಕಿಯಲ್ಲಿ ಈಗ ಏಳು ಲೋಟಗಳಿವೆ. ಒಂದರಲ್ಲೂ ಕಾಫಿ ಇಲ್ಲ. ಒಂದರಲ್ಲಿ ಪುದೀನದ ಕಡ್ಡಿ, ಇನ್ನೊಂದರಲ್ಲಿ ಬಸಳೆಯ ದಂಟು, ಮತ್ತೊಂದರಲ್ಲಿ ಗೆಣಸು, ಹೀಗೆ. “ನೆಂಟರು ಬಂದರೆ ಕಾಫಿ ಯಾವುದರಲ್ಲಿ ಕೊಡಲಿ?” ಎಂದು ನನ್ನ ಹೆಂಡತಿ ವಾರಕ್ಕೊಮ್ಮೆಯಾದರೂ ಕೇಳುತ್ತಾಳೆ. ಕೇಳಿ, ತಾನೇ ಹೋಗಿ ಪುದೀನದ ನೀರು ಬದಲಾಯಿಸುತ್ತಾಳೆ.

ನಾನು ಗಿಡ ಬೆಳೆಸಿದವನಲ್ಲ. ಬಿ.ಕಾಂ. ಮುಗಿಸಿ 1973ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದೆ, 2010ರಲ್ಲಿ ಗುಮಾಸ್ತನಾಗಿಯೇ ನಿವೃತ್ತನಾದೆ. ಆ 37 ವರ್ಷಗಳಲ್ಲಿ ನನ್ನ ಕೈಯಲ್ಲಿ ಬೆಳೆದದ್ದು ಬೇರೆಯವರ ಉಳಿತಾಯ ಖಾತೆಯ ಬಡ್ಡಿ ಮಾತ್ರ. ಮೈಸೂರಿನ ನಮ್ಮ ಮನೆ ಇರುವುದು ಮೊದಲನೆಯ ಮಹಡಿಯಲ್ಲಿ. ಮನೆಯಲ್ಲಿ ಮಣ್ಣು ಎಂದರೆ ತುಳಸಿ ಕುಂಡದಲ್ಲಿ ಇರುವಷ್ಟೇ.

ಕಳೆದ ಬೇಸಿಗೆ ರಜೆಗೆ ಬೆಂಗಳೂರಿನಿಂದ ಮಗಳ ಮಗಳು ಬಂದಳು. ಆಗಷ್ಟೇ ನಾಲ್ಕನೆಯ ತರಗತಿ ಮುಗಿಸಿದ್ದಳು. ಮನೆಯಲ್ಲಿ ಎಲ್ಲರೂ ಪುಟ್ಟಿ ಎಂದೇ ಕರೆಯುತ್ತೇವೆ. ಮೊದಲ ವಾರ ಮೃಗಾಲಯ, ಚಾಮುಂಡಿ ಬೆಟ್ಟ, ಅತ್ತೆ ಮನೆ ಎಲ್ಲ ಆಯಿತು. ಎರಡನೆಯ ವಾರ “ತಾತ, ಬೋರು” ಶುರುವಾಯಿತು. ಅಜ್ಜ-ಅಜ್ಜಿಯರಿಗೆ ಈ ಎರಡನೆಯ ವಾರದ ಕಷ್ಟ ನಾನು ಹೇಳಬೇಕಾಗಿಲ್ಲ.

ಒಂದು ಬೆಳಿಗ್ಗೆ ನನ್ನ ಹೆಂಡತಿ ತರಕಾರಿ ಬುಟ್ಟಿ ಸುರಿದು ವಿಂಗಡಿಸುತ್ತಿದ್ದಳು. ತಳದಲ್ಲಿ ಮರೆತುಹೋಗಿದ್ದ ಒಂದು ಕೆಂಪು ಗೆಣಸು ಸಿಕ್ಕಿತು. ಒಂದು ತುದಿಯಲ್ಲಿ ಕಡುಗೆಂಪು ಬಣ್ಣದ ಸಣ್ಣ ಸಣ್ಣ ಮೊಗ್ಗಿನಂಥವು ಎದ್ದಿದ್ದವು. ಇನ್ನೇನು ಕಸದ ಡಬ್ಬಿಗೆ ಹಾಕಬೇಕು, ಪುಟ್ಟಿ ಕೈ ಹಿಡಿದುಕೊಂಡಳು. “ಅಜ್ಜಿ, ಬೇಡ! ಇದು ಬದುಕಿದೆ!”

ನನ್ನ ಹೆಂಡತಿ ಕಾರ್ಕಳದ ಕಡೆಯವಳು. ಹಿತ್ತಿಲಲ್ಲಿ ಬಸಳೆ ಚಪ್ಪರ, ಬಾವಿಕಟ್ಟೆಯ ಪಕ್ಕ ಕೆಸು, ಅರಿಶಿನ, ಶುಂಠಿ ನೋಡಿಕೊಂಡು ಬೆಳೆದವಳು. ನಮ್ಮ ಮನೆಯಲ್ಲಿ ಗಿಡದ ವಿದ್ಯೆ ಇರುವುದು ಅವಳಿಗೆ. ಆದರೆ ಮದುವೆಯಾಗಿ 46 ವರ್ಷ ಮಣ್ಣಿಲ್ಲದ ಬಾಡಿಗೆ ಮನೆಗಳಲ್ಲೇ ಕಳೆದು, ಆ ವಿದ್ಯೆ ಮೂಲೆಗೆ ಬಿದ್ದಿತ್ತು. ಗೆಣಸನ್ನು ಕೈಯಲ್ಲಿ ತಿರುಗಿಸಿ ನೋಡಿದಳು. “ಬಳ್ಳಿಯಿಂದ ಕಿತ್ತ ತುದಿ ಇದು, ಇದು ಮೇಲೆ ಬರಬೇಕು. ಚೂಪಾಗಿ ಬಾಲದ ಹಾಗಿದೆಯಲ್ಲ, ಅದು ನೀರಿಗೆ” ಎಂದಳು. ಪೊರಕೆ ಕಡ್ಡಿಯನ್ನು ಮೂರು ತುಂಡು ಮಾಡಿ ಗೆಣಸಿನ ನಡುವಿಗೆ ಮೂರು ಕಡೆಯಿಂದ ಚುಚ್ಚಿದಳು. ಕಡ್ಡಿಗಳು ಗಾಜಿನ ಲೋಟದ ಅಂಚಿನ ಮೇಲೆ ಕೂತವು. ಗೆಣಸಿನ ಕೆಳಗಿನ ಅರ್ಧ ನೀರಿನಲ್ಲಿ, ಮೇಲಿನ ಅರ್ಧ ಗಾಳಿಯಲ್ಲಿ. ಈ ಅರ್ಧದ ಲೆಕ್ಕ ನೆನಪಿಡಿ, ಮುಂದೆ ಬರುತ್ತದೆ.

ಪುಟ್ಟಿ ಅದಕ್ಕೆ ಗುಂಡಣ್ಣ ಎಂದು ಹೆಸರಿಟ್ಟಳು.

ಐದಾರು ದಿನಕ್ಕೆ ಬೇರು ಬಂತು, ಬಿಳಿ ದಾರದ ಹಾಗೆ. ಗಾಜಿನ ಲೋಟ ಬೇಕು ಎನ್ನುವುದು ಇದಕ್ಕೇ. ಸ್ಟೀಲ್ ಲೋಟದಲ್ಲಿಟ್ಟರೂ ಬೇರು ಬರುತ್ತದೆ, ಆದರೆ ಮಕ್ಕಳಿಗೆ ಕಾಣುವುದಿಲ್ಲ. ಮಕ್ಕಳೇ, ಇಲ್ಲೊಂದು ವಿಷಯ. ಗೆಣಸು ಮತ್ತು ಆಲೂಗಡ್ಡೆ ಎರಡನ್ನೂ ನಾವು ಗೆಡ್ಡೆ ಎನ್ನುತ್ತೇವೆ. ಆದರೆ ಆಲೂಗಡ್ಡೆ ಮಣ್ಣಿನೊಳಗೆ ದಪ್ಪವಾದ ಕಾಂಡ. ಅದರ ಮೈಮೇಲೆ ಕಣ್ಣುಗಳಿರುತ್ತವೆ, ಮೊಳಕೆ ಬರುವುದು ಆ ಕಣ್ಣುಗಳಿಂದ. ಗೆಣಸು ದಪ್ಪವಾದ ಬೇರು. ಅದಕ್ಕೆ ಕಣ್ಣಿಲ್ಲ. ಎರಡಕ್ಕೂ ಹತ್ತಿರದ ನೆಂಟಸ್ತನವೂ ಇಲ್ಲ. ಆಲೂಗಡ್ಡೆ ಬದನೆ, ಟೊಮೆಟೊಗಳ ಕುಟುಂಬದ್ದು. ಗೆಣಸು, ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುವ ಮಾರ್ನಿಂಗ್ ಗ್ಲೋರಿ ಬಳ್ಳಿಯ ಕುಟುಂಬದ್ದು. ಎರಡೂ ಅಮೆರಿಕ ಖಂಡದಿಂದ ಬಂದವು ಎನ್ನುವುದಷ್ಟೇ ಸಮಾನ. ಗೆಣಸಿನ ಎಳೆ ಎಲೆಯನ್ನು ಬೇಯಿಸಿ ಪಲ್ಯ ಮಾಡಬಹುದು. ಆಲೂಗಡ್ಡೆ ಮೊಳಕೆಯೊಡೆದರೆ ಅದರ ಎಲೆ, ಕಾಯಿ, ಹಸಿರಾದ ಸಿಪ್ಪೆ ಯಾವುದನ್ನೂ ತಿನ್ನಬಾರದು, ವಿಷ.

ನಾನೂ ಸುಮ್ಮನೆ ಕೂರಲಿಲ್ಲ. ಅಟ್ಟದಲ್ಲಿ ದಪ್ಪ ರಟ್ಟಿನ ಹಳೆಯ ರಿಜಿಸ್ಟರ್ ಇತ್ತು, ಗೆರೆ ಹಾಕಿದ್ದು. ಅದನ್ನು ಪುಟ್ಟಿಗೆ ಕೊಟ್ಟು ಲೆಡ್ಜರ್ ಬರೆಯುವುದನ್ನು ಕಲಿಸಿದೆ. ಪ್ರತಿ ಗಿಡಕ್ಕೂ ಒಂದು ಪುಟ, ಅಂದರೆ ಒಂದು ಖಾತೆ. ದಿನಾಂಕ, ವಿವರ, ಜಮಾ, ಖರ್ಚು. ಬೇರು ಬಂದರೆ ಜಮಾ, ಎಲೆ ಉದುರಿದರೆ ಖರ್ಚು. ನಾನು ಸೇರಿದ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ, ಎಲ್ಲ ಕೈಬರಹ. ಸಂಜೆ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚು ಬಂದರೂ ಮನೆಗೆ ಹೋಗುವಂತಿಲ್ಲ, ರಾತ್ರಿ ಎಂಟಾದರೂ ಕೂತು ಹುಡುಕಬೇಕು. ಪುಟ್ಟಿ ಕಣ್ಣರಳಿಸಿ ಕೇಳಿದಳು. “ಒಂದು ರೂಪಾಯಿಗಾ ತಾತ? ನಿನ್ನ ಜೇಬಿಂದ ಹಾಕಿಬಿಡಬಹುದಿತ್ತಲ್ಲ?” ಹಾಗೆ ಹಾಕುವುದೇ ದೊಡ್ಡ ತಪ್ಪು ಎಂದು ಗಂಭೀರವಾಗಿ ಹೇಳಿದೆ. ಆ ಮಾತು ನನಗೇ ಮುಳುವಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಆಮೇಲೆ ಅಡುಗೆಮನೆಯಲ್ಲಿ ಯಾವುದೂ ಸುರಕ್ಷಿತವಾಗಿ ಉಳಿಯಲಿಲ್ಲ. ಒದ್ದೆ ಬಟ್ಟೆಯ ಮೇಲೆ ಒಂದೊಂದು ಚಮಚ ಹೆಸರುಕಾಳು, ಮೆಂತ್ಯ, ತೊಗರಿಬೇಳೆ, ಹುರಿಗಡಲೆ ಇಟ್ಟಳು. ಹೆಸರುಕಾಳು ಮಾರನೆಯ ದಿನವೇ ಮೂಗು ತೋರಿಸಿತು, ಮೆಂತ್ಯ ಎರಡನೆಯ ದಿನ. ತೊಗರಿಬೇಳೆ ಊದಿಕೊಂಡು ನಾತ ಹೊಡೆಯಿತು. ಬೇಳೆ ಎಂದರೆ ಸಿಪ್ಪೆ ತೆಗೆದು ಎರಡು ಹೋಳು ಮಾಡಿದ ಕಾಳು, ಒಡೆಯುವಾಗಲೇ ಮೊಳಕೆಯ ಭಾಗ ಹಾಳಾಗಿರುತ್ತದೆ. ಹುರಿಗಡಲೆ ಬಿಸಿಗೆ ಸತ್ತಿರುತ್ತದೆ. “ಹಾಗಾದ್ರೆ ನಾವು ಚಟ್ನಿಗೆ ಸತ್ತಿರೋದನ್ನ ಹಾಕ್ತೀವಾ?” ಎಂಬ ಪ್ರಶ್ನೆಗೆ ಅಜ್ಜಿ “ಬಾಯಿ ಮುಚ್ಚಿಕೊಂಡು ದೋಸೆ ತಿನ್ನು” ಎಂದು ಉತ್ತರ ಕೊಟ್ಟಳು.

ಧನಿಯಾ ವಿಷಯದಲ್ಲಿ ನಾನೂ ಒಂದು ಕಲಿತೆ. ನಾವು ಒಂದು ಕಾಳು ಎಂದುಕೊಳ್ಳುವುದರಲ್ಲಿ ಎರಡು ಬೀಜ ಇರುತ್ತವೆ. ಹುರಿಯದ ಧನಿಯಾವನ್ನು ಚಪಾತಿ ಮಣೆಯ ಮೇಲೆ ಹಾಕಿ ಅಂಗೈಯಿಂದ ಮೆಲ್ಲಗೆ ಉಜ್ಜಿದರೆ ಎರಡು ಹೋಳಾಗುತ್ತದೆ. ಬೇಳೆಯ ಹಾಗೆ ಇದು ಹಾಳಾಗುವುದಿಲ್ಲ, ಎರಡು ಬೀಜ ಬೇರೆ ಬೇರೆಯಾಗುತ್ತವೆ, ಅಷ್ಟೇ. ರಾತ್ರಿ ನೆನೆಸಿ ಬಿತ್ತಿದರೆ ಹತ್ತು ಹನ್ನೆರಡು ದಿನಕ್ಕೆ ತಲೆ ಎತ್ತುತ್ತದೆ. ಪುದೀನ ಇನ್ನೂ ಸುಲಭ. ಎಲೆ ಬಿಡಿಸಿದ ಮೇಲೆ ಎಸೆಯುವ ಕಡ್ಡಿಗಳಲ್ಲಿ ಗಟ್ಟಿಯಾದವನ್ನು ಆರಿಸಿ, ತುದಿಯಲ್ಲಿ ನಾಲ್ಕು ಎಲೆ ಬಿಟ್ಟು, ಕೆಳಭಾಗವನ್ನು ನೀರಿನಲ್ಲಿ ಇಡುವುದು. ಗಿಣ್ಣುಗಳಿಂದ ವಾರದಲ್ಲಿ ಬೇರು ಬರುತ್ತದೆ. ಬಸಳೆಗೂ ಇದೇ ಕ್ರಮ.

ಕ್ಯಾರೆಟ್ ಮಾತ್ರ ಪುಟ್ಟಿಗೆ ಬೇಸರ ತರಿಸಿತು. ಎಲೆ ಇರುವ ಕಡೆ ಒಂದು ಅಂಗುಲ ಕತ್ತರಿಸಿ ತಟ್ಟೆಯಲ್ಲಿ ಸ್ವಲ್ಪವೇ ನೀರು ಹಾಕಿ ಇಟ್ಟರೆ, ನವಿಲುಗರಿಯಂಥ ಎಲೆ ಚೆನ್ನಾಗಿ ಬರುತ್ತದೆ. ಕಿಟಕಿಗೆ ಅಂದ. ಆದರೆ ಇನ್ನೊಂದು ಕ್ಯಾರೆಟ್ ಬರುವುದಿಲ್ಲ. ನಾವು ತಿನ್ನುವ ಕ್ಯಾರೆಟ್ಟೇ ಅದರ ಬೇರು, ಕತ್ತರಿಸಿದ ಬೇರು ಮತ್ತೆ ಬೆಳೆಯದು. ಅವಳು ಹತ್ತು ದಿನ ತಟ್ಟೆ ಎತ್ತೆತ್ತಿ ನೋಡಿದಳು. ಮೊದಲೇ ಹೇಳಬೇಕಿತ್ತು. ಮಾವಿನ ವಾಟೆಯ ಕಥೆಯೂ ಅಷ್ಟೇ. ವಾಟೆಯ ಅಂಚನ್ನು ದೊಡ್ಡವರು ಜೋಪಾನವಾಗಿ ಬಿಡಿಸಿ ಒಳಗಿನ ಬೀಜ ಹಾಕಿದರೆ ಸಸಿ ಬೇಗ ಬರುತ್ತದೆ, ಎಳೆ ಎಲೆಯ ತಾಮ್ರದ ಬಣ್ಣ ನೋಡಲು ಚೆಂದ. ಆದರೆ ಬಾದಾಮಿ ಮಾವಿನ ಬೀಜ ಹಾಕಿದರೆ ಬಾದಾಮಿಯೇ ಬರುತ್ತದೆಂಬ ಭರವಸೆ ಇಲ್ಲ. ತೋಟದವರು ಕಸಿ ಕಟ್ಟುವುದು ಅದಕ್ಕೇ. ಹಲಸಿನ ಬೀಜ ಹಾಕುವುದಾದರೆ ಹಣ್ಣು ತಿಂದ ಒಂದೆರಡು ದಿನದಲ್ಲೇ ಹಾಕಿ, ಒಣಗಿದರೆ ಮೊಳೆಯುವುದಿಲ್ಲ. ಅನಾನಸಿನ ಜುಟ್ಟನ್ನೂ ನೆಡಬಹುದು, ಹಣ್ಣಿಗೆ ಎರಡು ವರ್ಷವೋ ಹೆಚ್ಚೋ ಕಾಯುವ ತಾಳ್ಮೆ ಇದ್ದವರು.

ಸಂಕ್ರಾಂತಿಗೆ ತಂದಿದ್ದ ಹಸಿ ಅರಿಶಿನದ ಕೊಂಬು ನಾಲ್ಕು ಉಳಿದಿದ್ದವು. ಅವನ್ನೂ ಒಂದು ತುಂಡು ಶುಂಠಿಯನ್ನೂ ಹಳೆಯ ಪೇಂಟ್ ಬಕೆಟ್ಟಿನಲ್ಲಿ ನೆಟ್ಟೆವು. ಬಕೆಟ್ಟನ್ನು ಚೆನ್ನಾಗಿ ತೊಳೆದು, ತಳಕ್ಕೆ ತೂತು ಹೊಡೆದು, ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದೆವು. ಎರಡು ಅಂಗುಲ ಆಳ, ಮೊಗ್ಗು ಮೇಲೆ. ಅಂಗಡಿಯ ಒಣ ಅರಿಶಿನದ ಕೊಂಬು ನೆಟ್ಟು ಕಾಯಬೇಡಿ, ಅದನ್ನು ಬೇಯಿಸಿ ಒಣಗಿಸಿರುತ್ತಾರೆ.

ಮೇ ಕೊನೆಗೆ ಶಾಲೆ ಶುರುವಾಯಿತು. ಹೊರಡುವ ಹಿಂದಿನ ರಾತ್ರಿ ಪುಟ್ಟಿ ಲೆಡ್ಜರ್ ತಂದಳು. ಬ್ಯಾಂಕಿನಲ್ಲಿ ಒಬ್ಬರು ರಜೆ ಹೋಗುವಾಗ ಇನ್ನೊಬ್ಬರಿಗೆ ಚಾರ್ಜ್ ವಹಿಸಿ ಸಹಿ ಹಾಕಿಸಿಕೊಳ್ಳುವುದನ್ನು ನಾನೇ ಹೇಳಿದ್ದೆ. “ಗುಂಡಣ್ಣ, ಬಳ್ಳಿ ಒಂದು ಅಡಿ, ಎಲೆ 14, ಆರೋಗ್ಯವಾಗಿದ್ದಾನೆ” ಎಂದು ಬರೆದು ನನ್ನ ಸಹಿ ತೆಗೆದುಕೊಂಡಳು. ವಾರಕ್ಕೆ ಎರಡು ಸಲ ಬರೆಯಬೇಕು, ಭಾನುವಾರ ವಿಡಿಯೊ ಕಾಲ್‌ನಲ್ಲಿ ತೋರಿಸಬೇಕು ಎಂದು ಮಾತಾಯಿತು.

ಜೂನ್, ಜುಲೈ ನಾನು ಮಾತು ಉಳಿಸಿಕೊಂಡೆ. ಗುಂಡಣ್ಣ ಕಿಟಕಿಯ ಸರಳು ಹಿಡಿದು ಮೇಲಕ್ಕೆ ಏರಿದ. ಜುಲೈನಲ್ಲಿ ಆಶಾ ಕಾರ್ಯಕರ್ತೆ ಡೆಂಗಿ ತಪಾಸಣೆಗೆ ಬಂದವರು ಟಾರ್ಚ್ ಹಾಕಿ ನಮ್ಮ ಲೋಟಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. “ಸಾರ್, ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ಇಂಥ ಸ್ವಚ್ಛ ನೀರಲ್ಲೇ. ಒಂದು ವಾರ ಹತ್ತು ದಿನ ಸಾಕು, ಸೊಳ್ಳೆ ಆಗಿ ಹಾರುತ್ತೆ.” ಅಂದಿನಿಂದ ದಿನ ಬಿಟ್ಟು ದಿನ ನೀರು ಬದಲಾಯಿಸಿ, ಲೋಟದ ಒಳಗೋಡೆಯನ್ನೂ ಉಜ್ಜುವುದು ನಿಯಮವಾಯಿತು. ನೀವು ಲೋಟದಲ್ಲಿ ಏನೇ ಬೆಳೆಸಿದರೂ ಇದೊಂದನ್ನು ಬಿಡಬೇಡಿ.

ನಾಗರ ಪಂಚಮಿಯ ದಿನ ನನ್ನ ಹೆಂಡತಿ ಪೇಂಟ್ ಬಕೆಟ್ಟಿನಿಂದ ಆರು ಅರಿಶಿನದ ಎಲೆ ಕೊಯ್ದು ಕಡುಬು ಮಾಡಿದಳು. ಎಲೆಯ ಮೇಲೆ ಅಕ್ಕಿಹಿಟ್ಟು ಹಚ್ಚಿ, ಕಾಯಿ ಬೆಲ್ಲ ಇಟ್ಟು, ಮಡಚಿ ಹಬೆಯಲ್ಲಿ ಬೇಯಿಸುವುದು. ಮನೆಯೆಲ್ಲ ಆ ಘಮ. ಅವಳು ಕಡುಬಿನ ಎಲೆ ಬಿಚ್ಚಿ, ತಿನ್ನದೆ, ಒಂದು ನಿಮಿಷ ಹಾಗೇ ಮೂಗಿನ ಹತ್ತಿರ ಹಿಡಿದುಕೊಂಡಿದ್ದಳು. “ಅಮ್ಮನ ಅಡುಗೆಮನೆ” ಎಂದಳು. ಇಷ್ಟು ವರ್ಷ ನಾನು ಅವಳಿಗೆ ಒಂದು ಬಕೆಟ್ ಮಣ್ಣು ತಂದುಕೊಟ್ಟಿರಲಿಲ್ಲವಲ್ಲ ಎನಿಸಿತು.

ಆಗಸ್ಟ್ ಕೊನೆಗೆ ಶಿವಮೊಗ್ಗದಲ್ಲಿ ಅಣ್ಣನ ಮೊಮ್ಮಗನ ಮದುವೆ. ಹಿಂದೆ ಮುಂದೆ ಸೇರಿ ಒಂಬತ್ತು ದಿನ ಊರಲ್ಲಿ ಇರುವುದಿಲ್ಲ. ಗುಂಡಣ್ಣ ಒಣಗಿಬಿಟ್ಟಾನೆಂದು ನಾನು ಹೊರಡುವ ಮುಂಚೆ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿದೆ. ಸಾಲದೆಂದು ಅವನನ್ನು ಒಂದು ದೊಡ್ಡ ಜಾಡಿಗೆ ವರ್ಗಾಯಿಸಿ ಅದಕ್ಕೂ ತುಂಬಿದೆ. ಗೆಣಸು ಪೂರ್ತಿ ಮುಳುಗಿತು. ಸೊಳ್ಳೆಗೆಂದು ಮೇಲೆ ಬಟ್ಟೆ ಕಟ್ಟಿದೆ. ಇಷ್ಟು ಕಾಳಜಿ ಯಾರು ಮಾಡುತ್ತಾರೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಬಸ್ಸು ಹತ್ತಿದೆ.

ಹಿಂದಿರುಗಿ ಬೀಗ ತೆಗೆದಾಗಲೇ ವಾಸನೆ ಬಂತು. ಜಾಡಿಯ ನೀರು ಬೂದುಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಗೆಣಸು ಬೆರಳಿಗೆ ಲೋಳೆಯಾಗಿ ಬಂತು. ಮೇಲಿನ ಅರ್ಧ ಗಾಳಿಯಲ್ಲಿ ಇರಬೇಕೆಂದು ಅವಳು ಮೊದಲ ದಿನವೇ ಹೇಳಿದ್ದಳು. ಹೆಂಡತಿ ಬಟ್ಟೆ ಒಗೆಯಲು ಹಾಕುತ್ತಿದ್ದಳು. ನಾನು ಗುಂಡಣ್ಣನನ್ನು ಬಳ್ಳಿಸಮೇತ ಕಾಗದದಲ್ಲಿ ಸುತ್ತಿ, ಬೆಳಿಗ್ಗೆ ಕಸದ ಗಾಡಿ ಬಂದಾಗ ನಾನೇ ಕೆಳಗಿಳಿದು ಹಾಕಿ ಬಂದೆ. ಅವಳಿಗೆ ಆಮೇಲೆ ಹೇಳಿದಾಗ ತಲೆ ಚಚ್ಚಿಕೊಂಡಳು. “ಬಳ್ಳಿ ಹಸಿರಾಗಿಯೇ ಇತ್ತಲ್ಲ? ಕುಡಿಯನ್ನು ಒಂದು ಗೇಣು ಕತ್ತರಿಸಿ ನೀರಿಗೆ ಇಟ್ಟಿದ್ದರೆ ನಾಲ್ಕು ದಿನದಲ್ಲಿ ಬೇರು ಬಿಡ್ತಿತ್ತು. ಹೊಲದಲ್ಲಿ ಗೆಣಸು ನೆಡೋದೇ ಬಳ್ಳಿ ತುಂಡಿಂದ.”

ಗುಂಡಣ್ಣನ ಬಳ್ಳಿ ಕೈಯಲ್ಲೇ ಇತ್ತು, ನನಗೆ ಗೊತ್ತಿರಲಿಲ್ಲ.

ಆಗ ಬೆಂಗಳೂರಿಗೆ ಫೋನ್ ಮಾಡಿ ನಡೆದದ್ದು ಹೇಳಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ನಾನು ದೇವರಾಜ ಮಾರುಕಟ್ಟೆಗೆ ಹೋದೆ. ಅರ್ಧ ಗಂಟೆ ಗೆಣಸಿನ ರಾಶಿ ಕೆದಕಿ ಅದೇ ಕೆಂಪು ಸಿಪ್ಪೆ, ಅದೇ ಗಾತ್ರ, ಹೆಚ್ಚು ಕಡಿಮೆ ಅದೇ ಡೊಂಕಿನ ಗೆಣಸನ್ನು ಆರಿಸಿದೆ. ಅದೇ ಲೋಟ, ಅದೇ ಪೊರಕೆ ಕಡ್ಡಿ. ಲೆಡ್ಜರ್ ತೆಗೆದು ಬರೆದೆ: “ಗುಂಡಣ್ಣ ಕ್ಷೇಮ.” ಹೆಂಡತಿ “ಬೇಡ ರೀ, ಮಗುವಿಗೆ ಹೇಳಿಬಿಡಿ” ಎಂದಳು. ಮಗು ಅಳುತ್ತದೆ ಎಂದೆ. ಭಾನುವಾರ ನೆಟ್‌ವರ್ಕ್ ಸರಿ ಇಲ್ಲ ಎಂದೆ. ಮುಂದಿನ ಭಾನುವಾರ ಕ್ಯಾಮೆರಾ ಕೆಟ್ಟಿದೆ ಎಂದೆ. ಒಂದು ಸುಳ್ಳು ನಮೂದು ಹಾಕಿದರೆ ಅದನ್ನು ಸರಿತೂಗಿಸಲು ಇನ್ನೊಂದು ಹಾಕಬೇಕಾಗುತ್ತದೆ, ಬ್ಯಾಂಕಿನಲ್ಲಿ ಸಿಕ್ಕಿಬೀಳುವವರೆಲ್ಲ ಬೀಳುವುದು ಹೀಗೇ.

ದಸರಾ ರಜೆಗೆ ಪುಟ್ಟಿ ಬಂದಳು. ಚಪ್ಪಲಿ ಬಿಟ್ಟವಳೇ ಕಿಟಕಿಗೆ ಓಡಿದಳು.

“ತಾತ, ಗುಂಡಣ್ಣ ಯಾಕೆ ಇಷ್ಟು ಗಿಡ್ಡ ಆಗಿದಾನೆ?”

“ತುಂಬಾ ಉದ್ದ ಬೆಳೆದಿದ್ದ, ಕತ್ತರಿಸಿದೆ.”

ಅವಳು ಏನೂ ಹೇಳಲಿಲ್ಲ. ಗೊಂಬೆ ಕೂರಿಸುವ ಗಡಿಬಿಡಿಯಲ್ಲಿ ನಾನೂ ಮರೆತೆ. ನಮ್ಮಲ್ಲಿ ಗೊಂಬೆ ಮುಂದೆ ಪಾರ್ಕು ಮಾಡುವುದಕ್ಕೆ ತಟ್ಟೆಯಲ್ಲಿ ರಾಗಿ ಪೈರು ಬೆಳೆಸುತ್ತಾರೆ. ಅಡುಗೆಮನೆಯ ಕಾಳನ್ನು ಮನೆಯೊಳಗೆ ಬೆಳೆಸುವ ವಿದ್ಯೆ ಮೈಸೂರಿನ ಮನೆಗಳಿಗೆ ಹೊಸದೇನಲ್ಲ. ರಾಗಿಯನ್ನು ರಾತ್ರಿಯೆಲ್ಲ ನೆನೆಸಿ, ತಟ್ಟೆಯಲ್ಲಿ ಒಂದಂಗುಲ ಮಣ್ಣು ಹರಡಿ, ಮೇಲೆ ಒತ್ತಾಗಿ ಉದುರಿಸಿ, ಮೊಳಕೆ ಬರುವ ತನಕ ಒದ್ದೆ ಬಟ್ಟೆ ಮುಚ್ಚಿ, ಕೈಯಲ್ಲಿ ನೀರು ಚಿಮುಕಿಸುವುದು. ಮೂರು ನಾಲ್ಕು ದಿನಕ್ಕೆ ಹಸಿರು ಕಾಣುತ್ತದೆ. ಪುಟ್ಟಿ ತಟ್ಟೆ ಬಿತ್ತಿ, ರಾಗಿಗೂ ಖಾತೆ ತೆರೆಯಬೇಕೆಂದು ಲೆಡ್ಜರ್ ತೆಗೆದಳು. ಹಾಳೆ ತಿರುಗಿಸುತ್ತಾ ಗುಂಡಣ್ಣನ ಪುಟಕ್ಕೆ ಬಂದಳು.

ಮೇ ತಿಂಗಳಲ್ಲಿ ಅವಳು ಗುಂಡಣ್ಣನ ಮೊದಲ ದೊಡ್ಡ ಎಲೆಯನ್ನು ಒಣಗಿಸಿ ಆ ಪುಟಕ್ಕೆ ಸೆಲ್ಲೋಟೇಪಿನಲ್ಲಿ ಅಂಟಿಸಿದ್ದಳು. ನಾನು ವಾರಕ್ಕೆ ಎರಡು ಸಲ ಅದೇ ಪುಟದಲ್ಲಿ ಬರೆಯುತ್ತಿದ್ದರೂ ಅದನ್ನು ನೋಡುವುದನ್ನೇ ಬಿಟ್ಟಿದ್ದೆ. ಅದು ಹೃದಯದ ಆಕಾರದ ಎಲೆ, ವೀಳ್ಯದೆಲೆಯ ಹಾಗೆ. ಪುಟ್ಟಿ ಕಿಟಕಿಯ ಬಳ್ಳಿಯಿಂದ ಒಂದು ಎಲೆ ಕಿತ್ತು ತಂದು ಪಕ್ಕಕ್ಕೆ ಇಟ್ಟಳು. ಅದಕ್ಕೆ ಐದು ಬೆರಳು.

ಮಕ್ಕಳೇ, ಗೆಣಸಿನಲ್ಲಿ ತಳಿಗಳು ಬಹಳ. ಸಿಪ್ಪೆ ಒಂದೇ ಬಣ್ಣ ಇದ್ದರೂ ಒಂದರ ಎಲೆ ಹೃದಯದ ಹಾಗೆ, ಇನ್ನೊಂದರದ್ದು ಅಂಗೈ ಬಿಚ್ಚಿದ ಹಾಗೆ ಇರಬಹುದು. ಮಾರುಕಟ್ಟೆಯಲ್ಲಿ ನಾನು ಸಿಪ್ಪೆ ನೋಡಿದೆ, ಡೊಂಕು ನೋಡಿದೆ. ಎಲೆ ಎಲ್ಲಿಂದ ನೋಡಲಿ?

“ಇವನು ಗುಂಡಣ್ಣ ಅಲ್ಲ” ಎಂದಳು.

ನಾನು ಸುಮ್ಮನಿದ್ದೆ. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಆಗಸ್ಟ್ ಕೊನೆಯಿಂದ ನಾನು ಬರೆದ ಸಾಲುಗಳ ಮೇಲೆ ಬೆರಳಿಟ್ಟು ಒಂದೊಂದನ್ನೇ ಓದಿದಳು. ಕ್ಷೇಮ. ಕ್ಷೇಮ. ಹೊಸ ಎಲೆ ಎರಡು. ಕ್ಷೇಮ. ಆಮೇಲೆ ತಲೆ ಎತ್ತಿ ಕೇಳಿದಳು: “ತಾತ, ನೀವು ಬ್ಯಾಂಕಲ್ಲೂ ಹೀಗೇ ಬರೀತಿದ್ರಾ?”

ಹುಟ್ಟಿದಾಗಿನಿಂದ ನನ್ನನ್ನು ‘ನೀನು’ ಎಂದ ಹುಡುಗಿ. ಅಂದು ‘ನೀವು’ ಎಂದಳು.

ರಾತ್ರಿ ನಿದ್ದೆ ಬರಲಿಲ್ಲ. ಎಷ್ಟೋ ವರ್ಷಗಳ ಹಿಂದೆ ಕ್ಯಾಷ್ ಕೌಂಟರಿನಲ್ಲಿ ಇನ್ನೂರು ರೂಪಾಯಿ ಕಡಿಮೆ ಬಂದ ದಿನವೂ ಇಷ್ಟು ಹೊರಳಾಡಿರಲಿಲ್ಲ. ಅಂದು ಕಡಿಮೆ ಬಂದದ್ದನ್ನು ಸಂಬಳದಲ್ಲಿ ಕಟ್ಟಿದ್ದೆ, ಮುಗಿದಿತ್ತು.

ಬೆಳಿಗ್ಗೆ ಕಾಫಿಯಾದ ಮೇಲೆ ಲೆಡ್ಜರ್ ಮತ್ತು ಕೆಂಪು ಪೆನ್ನು ಹಿಡಿದು ಪುಟ್ಟಿಯ ಎದುರಿಗೆ ಕೂತೆ. ಶಿವಮೊಗ್ಗ, ಜಾಡಿ, ಕಸದ ಗಾಡಿ, ಮಾರುಕಟ್ಟೆ, ಕೆಡದ ಕ್ಯಾಮೆರಾ, ಎಲ್ಲ ಹೇಳಿದೆ. ಬ್ಯಾಂಕಿನಲ್ಲಿ ತಪ್ಪು ಬರೆದರೆ ಏನು ಮಾಡುತ್ತಾರೆಂದೂ ಹೇಳಿದೆ. ರಬ್ಬರಿನಿಂದ ಅಳಿಸುವಂತಿಲ್ಲ. ಮೇಲೆ ತಿದ್ದಿ ಬರೆಯುವಂತಿಲ್ಲ. ಹಾಳೆ ಹರಿಯುವಂತಂತೂ ಇಲ್ಲವೇ ಇಲ್ಲ. ತಪ್ಪಾದದ್ದು ಓದಲು ಸಿಗುವ ಹಾಗೆ ಅದರ ಮೇಲೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಮೇಲ್ಗಡೆ ಬರೆದು, ಬರೆದವನು ಸಣ್ಣ ಸಹಿ ಹಾಕಬೇಕು. ಆಮೇಲೆ ಆಫೀಸರು ನೋಡಿ ತಮ್ಮ ಸಹಿ ಹಾಕುತ್ತಾರೆ.

“ಆಫೀಸರ್ ಯಾರು?”

“ನೀನೇ. ನಾನು ಗುಮಾಸ್ತ.”

ಹನ್ನೊಂದು ಸುಳ್ಳು ನಮೂದುಗಳಿದ್ದವು. ಹನ್ನೊಂದು ಗೆರೆ, ನನ್ನ ಹನ್ನೊಂದು ಸಹಿ, ಪಕ್ಕದಲ್ಲಿ ಅವಳ ಹನ್ನೊಂದು. ಒಂದು ಕಡೆ ಗೆರೆ ಸೊಟ್ಟಗಾಯಿತೆಂದು ಸ್ಕೇಲ್ ಇಟ್ಟು ಎಳೆಯಿರಿ ಎಂದಳು. ಪುಟದ ಕೆಳಗೆ ಅವಳೇ ಬರೆದಳು: “ಖಾತೆ ಮುಗಿಯಿತು. ಕಾರಣ: ತಾತ ನೀರು ಜಾಸ್ತಿ ಹಾಕಿದರು.” ಕಿಟಕಿಯಲ್ಲಿ ಇರುವವನದೇನೂ ತಪ್ಪಿಲ್ಲವಲ್ಲ, ಅವನಿಗೆ ಬೇರೆ ಪುಟದಲ್ಲಿ ಬೆರಳಣ್ಣ ಎಂಬ ಹೆಸರಿನಲ್ಲಿ ಹೊಸ ಖಾತೆ ತೆರೆದಳು. ತೆರೆದ ದಿನವೇ ಅವನ ಕುಡಿಯೊಂದನ್ನು ಕತ್ತರಿಸಿ ಬೇರೆ ಲೋಟದಲ್ಲಿ ನೀರಿಗೆ ಇಟ್ಟಳು. ನಾಳೆ ತಾತ ಇವನನ್ನೂ ಮುಳುಗಿಸಿದರೆ ಎಂದು.

ವಿಜಯದಶಮಿ ಕಳೆದು ಹೊರಡುವ ಮೊದಲು ನನ್ನ ಹೆಂಡತಿ ಬೆಣ್ಣೆಹಣ್ಣಿನ ಜ್ಯೂಸ್ ಮಾಡಿದಳು. ಕೊಡಗಿನ ಕಡೆಯಿಂದ ಬರುವ ಹಣ್ಣು. ಅದರ ಬೀಜ ನಿಂಬೆಹಣ್ಣಿಗಿಂತ ದೊಡ್ಡದಿತ್ತು. ಪುಟ್ಟಿ ಬೀಜವನ್ನು ಜಿಡ್ಡು ಹೋಗುವಂತೆ ತೊಳೆದು, ಅಗಲವಾದ ಬುಡ ಕೆಳಗೆ ಬರುವಂತೆ ಹಿಡಿದು, ಮೂರು ಟೂತ್‌ಪಿಕ್ ಚುಚ್ಚಿ, ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದಲ್ಲಿ ಕೂರಿಸಿದಳು. ಬೀಜದಿಂದ ಬಂದ ಬೆಣ್ಣೆಹಣ್ಣಿನ ಗಿಡ ಕಾಯಿ ಬಿಡಲು ಬಹಳ ವರ್ಷ ಬೇಕು, ಕುಂಡದಲ್ಲಿ ಬಿಡುವುದೂ ಅನುಮಾನ. ಆದರೆ ಎಲೆ ದೊಡ್ಡದಾಗಿ ಹೊಳೆಯುತ್ತದೆ, ಬೆಳಕಿರುವ ಹಜಾರಕ್ಕೆ ಒಳ್ಳೆಯ ಗಿಡ. ಕಷ್ಟ ಎಂದರೆ ಬೀಜ ಬಿರಿಯಲು ಮೂರು ವಾರವೂ ಆಗಬಹುದು, ಎರಡು ತಿಂಗಳೂ ಆಗಬಹುದು. ಅಷ್ಟು ದಿನ ನೋಡುವವರಿಗೆ ಏನೂ ಕಾಣುವುದಿಲ್ಲ.

ಈ ಸಲ ಚಾರ್ಜ್ ಕೊಡುವಾಗ ಪುಟ್ಟಿ ಹೇಳಿದಳು, “ದಿನಾ ಬರೀಬೇಕು. ಏನೂ ಆಗದೇ ಇದ್ರೆ ಏನೂ ಇಲ್ಲ ಅಂತಾನೇ ಬರೀರಿ.”

ಬರೆದೆ. ಮೊದಲ ದಿನ: ಏನೂ ಇಲ್ಲ. ಎರಡನೆಯ ದಿನ: ಏನೂ ಇಲ್ಲ. ಹತ್ತನೆಯ ದಿನ ನೀರು ಬದಲಾಯಿಸಿದೆ, ಏನೂ ಇಲ್ಲ. ಇಪ್ಪತ್ತೆರಡನೆಯ ದಿನ ಕಂದು ಸಿಪ್ಪೆ ಸುಲಿದು ಬಂತು, ಬೀಜ ಸತ್ತೇಹೋಯಿತೆಂದು ಗಾಬರಿಯಾಗಿ ಹಾಗೆಯೇ ಬರೆದೆ. ಸಂಜೆ ಏಳಕ್ಕೆ ಪುಟ್ಟಿಯ ಫೋನ್ ಬರುತ್ತಿತ್ತು. “ಇವತ್ತು?” “ಏನೂ ಇಲ್ಲ.” “ಸರಿ, ಇಡ್ತೀನಿ ತಾತ, ಹೋಮ್‌ವರ್ಕ್ ಇದೆ. ನೀವು ಊಟ ಮಾಡಿ.” ಇಷ್ಟೇ. ಮೈಸೂರಿನಲ್ಲಿ ಚಳಿ ಶುರುವಾಯಿತು. ಚಳಿಗೆ ಬೀಜ ಇನ್ನೂ ನಿಧಾನ. ಮೂವತ್ತೈದನೆಯ ದಿನ ಹೆಂಡತಿ, “ಇದು ಕೊಳೆತಿಲ್ಲ ರೀ, ಗಟ್ಟಿ ಇದೆ, ಕಾಯಿರಿ” ಎಂದು ಒತ್ತಿ ನೋಡಿ ಹೇಳಿದಳು. ಅದನ್ನೂ ಬರೆದು ಅವಳ ಸಹಿ ಹಾಕಿಸಿದೆ.

ನಲವತ್ತಮೂರನೆಯ ದಿನ ಬೆಳಿಗ್ಗೆ ಆರೂವರೆಗೆ ಹಾಲು ಕಾಯಿಸಲು ಹೋದವನು ಅಭ್ಯಾಸದಂತೆ ಲೋಟ ಎತ್ತಿ ಬೆಳಕಿಗೆ ಹಿಡಿದೆ. ಬೀಜದ ತಲೆಯಿಂದ ಬುಡದವರೆಗೆ ಸೀಳು ಬಿಟ್ಟಿತ್ತು. ಸೀಳಿನ ತಳದಲ್ಲಿ ಬಿಳಿಯ ತುದಿಯೊಂದು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ನೀರಿನೊಳಕ್ಕೆ ಇಣುಕಿತ್ತು. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದೆ. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ.

ಸಂಜೆಯವರೆಗೆ ಕಾಯಲಾಗಲಿಲ್ಲ. ಶಾಲೆಯ ವ್ಯಾನ್ ಬರುವ ಮೊದಲೇ ಫೋನ್ ಮಾಡಿದೆ. ಮಗಳು ಎತ್ತಿ ಗಾಬರಿಯಿಂದ “ಏನಾಯ್ತು ಅಪ್ಪ?” ಎಂದಳು. ಪುಟ್ಟಿಗೆ ಕೊಡು ಎಂದೆ. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಮಾತಾಡಿದಳು ಅಂತ ಕಾಣುತ್ತದೆ.

“ಬಿರೀತು ಪುಟ್ಟಿ. ಬೇರು ಬಂದಿದೆ.”

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಉಗುಳಿದ ಸದ್ದು.

“ನಿಜವಾಗ್ಲೂ?”

“ನಿಜವಾಗಿ. ಅಜ್ಜಿಯೂ ನೋಡಿದಾಳೆ.”

“ಫೋಟೊ ಕಳಿಸು ತಾತ. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗಿ, ಎಷ್ಟು ಉದ್ದ ಅಂತ ಗೊತ್ತಾಗ್ಬೇಕು. ಬೇಗ, ನೀನು ಸುಮ್ನೆ ಮಾತಾಡ್ತಾ ನಿಲ್ಬೇಡ, ವ್ಯಾನ್ ಬರುತ್ತೆ!”

ಹಾಲು ಉಕ್ಕುತ್ತಿತ್ತು. ಅದನ್ನು ಹೆಂಡತಿಗೆ ಬಿಟ್ಟು ಸ್ಕ್ಯಾಲ್ ಹುಡುಕಲು ಓಡಿದೆ.